ಅಳಗುಳಿಮಣೆ ಆಟದ ಸದ್ದು ಬದಲಿಸಿದ್ದು: ಲೈಬ್ರರಿ, ಲೈಸೆನ್ಸ್ ಮತ್ತು ರಿಪೇರಿ

ನನ್ನ ತಮ್ಮ ಕಾಲೇಜಿನ ದಿನಗಳಲ್ಲಿ ಬರೆದಿದ್ದ ಅಳಗುಳಿಮಣೆ ಆಟವನ್ನು ಶೇರ್‌ವೇರ್ ಆಗಿ, ಅಂದರೆ ಒಂದು ಭಾಗ ಉಚಿತವಾಗಿ ಹಂಚಿ ಉಳಿದದ್ದಕ್ಕೆ ಹಣ ಪಡೆಯುವ ಸಾಫ್ಟ್‌ವೇರ್ ಆಗಿ, ಹೊರತರುವುದು ಈ ಸಲದ ಕೆಲಸ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ಐದೈದು ಹುಣಸೆ ಬೀಜ. ಧಾರವಾಡದ ಮನೆಯಲ್ಲಿ ಆಡುತ್ತಿದ್ದ ಲೆಕ್ಕವೇ ಪರದೆಯ ಮೇಲೂ ಇದೆ. ಉಚಿತ ಆವೃತ್ತಿಯಲ್ಲಿ ಸುಲಭದ ಎದುರಾಳಿಯೊಂದಿಗೆ ಎಷ್ಟು ಸಲ ಬೇಕಾದರೂ ಆಡಬಹುದು. 249 ರೂಪಾಯಿ ಕೊಟ್ಟು ಕೀ ಪಡೆದರೆ ಬಲವಾದ ಎದುರಾಳಿ, ಇಬ್ಬರು ಕೂತು ಆಡುವ ಆಟ, ಗುಳಿಗೆ ನಾಲ್ಕು ಬೀಜ ಹಾಕುವ ಕರಾವಳಿಯ ಚೆನ್ನೆಮಣೆ ನಿಯಮ ಇವೆಲ್ಲ ತೆರೆದುಕೊಳ್ಳುತ್ತವೆ. ಕೋಡ್ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಆದರೂ ಆಟದ ಲೆಕ್ಕಾಚಾರದ ಭಾಗ ಈಗಿನ ಕಂಪೈಲರ್‌ನಲ್ಲಿ ಸಣ್ಣಪುಟ್ಟ ವಾರ್ನಿಂಗ್ ಬಿಟ್ಟರೆ ಹಾಗೇ ನಡೆಯಿತು. ಚಿತ್ರಗಳನ್ನು ಹೊಸದಾಗಿ ಬರೆಸಿದೆವು. ಉಳಿದದ್ದು ಸದ್ದು, ಮತ್ತು ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡಿದ್ದೂ ಅದೇ.

ಫೋಲ್ಡರ್ ತೆರೆದು ಮೊದಲು ಒಂದು ಪಟ್ಟಿ ಮಾಡಿದೆವು: ಯಾವ ಫೈಲ್ ಯಾರದ್ದು, ಯಾವ ಷರತ್ತಿನ ಮೇಲೆ ನಮ್ಮ ಕೈಗೆ ಬಂದದ್ದು. ಆಟದ ಪ್ರೋಗ್ರಾಂ ತಮ್ಮನದು. ಅದರ ಪಕ್ಕದಲ್ಲಿದ್ದ ಡಿಎಲ್‌ಎಲ್ (ಪ್ರೋಗ್ರಾಂ ಓಡುವಾಗ ಸೇರಿಕೊಳ್ಳುವ ಕೋಡ್ ಫೈಲ್), ಬೇಸ್ ಎಂಬ ಸೌಂಡ್ ಲೈಬ್ರರಿಯದು, ಅಂದರೆ ಸದ್ದು ನುಡಿಸಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನದು. ಅನ್‌ಫೋರ್‌ಸೀನ್ ಡೆವಲಪ್‌ಮೆಂಟ್ಸ್ ಹೆಸರಿನಲ್ಲಿ ಇಯಾನ್ ಲಕ್ 1999ರಿಂದ ಕಾಪಾಡಿಕೊಂಡು ಬಂದಿರುವ ಲೈಬ್ರರಿ ಅದು, ಶೇರ್‌ವೇರ್ ಬರೆಯುವವರಿಗೆಲ್ಲ ಚೆನ್ನಾಗಿ ಗೊತ್ತಿರುವಂಥದ್ದು. ಹಿನ್ನೆಲೆ ಸಂಗೀತ ಒಂದು ಎಂಒ3 ಫೈಲ್, ಅಂದರೆ ಒಳಗಿನ ಸ್ಯಾಂಪಲ್‌ಗಳನ್ನು ಎಂಪಿ3 ಅಥವಾ ವೋರ್ಬಿಸ್ ಎಂಬ ಆಡಿಯೋ ಫಾರ್ಮ್ಯಾಟ್‌ನಲ್ಲಿ ಕುಗ್ಗಿಸಿಟ್ಟ ಟ್ರ್ಯಾಕರ್ ಮಾಡ್ಯೂಲ್ (ಸ್ವರಲಿಪಿಯೂ ವಾದ್ಯಗಳ ಸದ್ದಿನ ತುಣುಕುಗಳೂ ಕೂಡಿರುವ ಫೈಲ್). ಬೀಜ ಬೀಳುವ, ಗುಳಿ ಬಾಚುವ, ಗೆಲ್ಲುವ ಸದ್ದುಗಳು ವೇವ್ ಫೈಲ್‌ಗಳು. ಅವು ಎಲ್ಲಿಂದ ಬಂದವು ಎಂದು ಕೇಳಿದೆ. "ಅಣ್ಣಾ, ಆವಾಗ ಪತ್ರಿಕಿ ಜೋಡಿ ಸಿಡಿ ಬರ್ತಿದ್ವಲ್ಲ, ಅದರಾಗಿಂದ ತಗೊಂಡಿದ್ದೆ" ಅಂದ.

ಬೇಸ್‌ನ ಷರತ್ತು ಸ್ಪಷ್ಟವಾಗಿದೆ. ಒಬ್ಬ ವ್ಯಕ್ತಿ ತನ್ನ ಪ್ರೋಗ್ರಾಂನಿಂದ ಮಾರಾಟ, ಜಾಹೀರಾತು ಯಾವುದರಿಂದಲೂ ದುಡ್ಡು ಮಾಡದಿದ್ದರೆ ಲೈಬ್ರರಿ ಉಚಿತ. ತಮ್ಮ ಆಗ ಆಟವನ್ನು ಸುಮ್ಮನೆ ಹಂಚಿದ್ದ, ಆದ್ದರಿಂದ ಆಗ ಎಲ್ಲವೂ ಸರಿಯಾಗಿಯೇ ಇತ್ತು. ಈಗ ಬೆಲೆ ಬರೆದ ಮೇಲೆ ಅದೇ ಆಟ, ಅದೇ ಡಿಎಲ್‌ಎಲ್ ಬೇರೆ ಷರತ್ತಿನ ಕೆಳಗೆ ಬರುತ್ತವೆ.

ಶೇರ್‌ವೇರ್‌ಗೆ ಲೈಸೆನ್ಸ್ ಓದುವಾಗ

"ಪುಕ್ಕಟೆ ಕೊಡೋ ಆವೃತ್ತಿಗೆ ಯಾಕ ಲೈಸೆನ್ಸ್? ಅದರಿಂದ ಒಂದು ರೂಪಾಯಿನೂ ಬರಂಗಿಲ್ಲಲ್ಲ" ಎಂದು ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆ, ಶೇರ್‌ವೇರ್ ಮಾಡಹೊರಟ ಬಹಳ ಜನರ ತಲೆಯಲ್ಲಿ ಇರುವಂಥದ್ದು. ಉತ್ತರ ಇಷ್ಟೇ: ಉಚಿತ ಆವೃತ್ತಿ ಇರುವುದೇ ಮಾರುವ ಆವೃತ್ತಿಯನ್ನು ತೋರಿಸುವುದಕ್ಕೆ. ಅದು ಮಾರಾಟದ ಭಾಗ, ಹಾಗಾಗಿ ವಾಣಿಜ್ಯ ಬಳಕೆಯೇ. ಎರಡೂ ಆವೃತ್ತಿ ಒಂದೇ ಪ್ರೋಗ್ರಾಂ, ಕೀ ಹಾಕಿದರೆ ತೆರೆಯುತ್ತದೆ ಎನ್ನುವ ನಮ್ಮಂಥ ಆಟದಲ್ಲಂತೂ ಬೇರ್ಪಡಿಸುವ ಮಾತೇ ಇಲ್ಲ.

ಅದಕ್ಕಿಂತ ಸೂಕ್ಷ್ಮವಾದ ವಿಷಯ ಹಂಚಿಕೆಯದು. ಅಂಗಡಿಯಲ್ಲಿ ಮಾರುವ ಆಟದ ಪ್ರತಿ ತಯಾರಕನಿಂದ ಗಿರಾಕಿಗೆ ಹೋಗಿ ನಿಲ್ಲುತ್ತದೆ. ಶೇರ್‌ವೇರ್ ಪ್ರತಿಯನ್ನು ಮಾತ್ರ ನಾವೇ 'ಎಷ್ಟು ಜನಕ್ಕೆ ಬೇಕಾದರೂ ಕೊಡಿ' ಎಂದು ಬಿಡುತ್ತೇವೆ. ಆಟದ ಜೊತೆ ಲೈಬ್ರರಿಯ ಡಿಎಲ್‌ಎಲ್ ಕೂಡ ನಮಗೆ ಗೊತ್ತೇ ಇಲ್ಲದವರ ಕೈಯಿಂದ ಕೈಗೆ ಹೋಗುತ್ತದೆ. 'ಪರವಾನಗಿ ಪಡೆದವನು ಮಾತ್ರ ವಿತರಿಸಬಹುದು' ಎಂಬ ಒಂದು ಸಾಲು ಲೈಸೆನ್ಸ್‌ನಲ್ಲಿದ್ದರೆ ಇಡೀ ಶೇರ್‌ವೇರ್ ಪದ್ಧತಿಗೇ ಅದು ಅಡ್ಡ ಬರುತ್ತದೆ. ಪ್ರತಿಗೆ ಇಷ್ಟು ಎಂದು ರಾಯಲ್ಟಿ ಕೇಳುವ ಲೈಸೆನ್ಸ್ ಕೂಡ ಹೊಂದುವುದಿಲ್ಲ, ಏಕೆಂದರೆ ಹೊರಗೆ ಎಷ್ಟು ಪ್ರತಿ ಓಡಾಡುತ್ತಿವೆ ಎಂದು ನಮಗೇ ತಿಳಿಯುವುದಿಲ್ಲ. ಎಂಪಿ3 ಪೇಟೆಂಟ್ ಜೀವಂತವಿದ್ದಾಗ ಇದೇ ತೊಡಕಿತ್ತು. 5,000 ಪ್ರತಿ ಮೀರಿದ ಆಟಕ್ಕೆ 2,500 ಡಾಲರ್ ಎಂಬುದು ಆಗಿನ ದರ. ಮಾರಿದ್ದನ್ನು ಎಣಿಸುವುದೋ, ಹಂಚಿದ್ದನ್ನೋ ಎಂದು ಸಣ್ಣವರು ತಲೆ ಕೆಡಿಸಿಕೊಳ್ಳುವ ಬದಲು ಪೇಟೆಂಟ್ ಹಂಗಿಲ್ಲದ ಆಗ್ ವೋರ್ಬಿಸ್‌ಗೆ ಹೋಗುವುದೇ ಜಾಣತನವಾಗಿತ್ತು. ಆ ಪರವಾನಗಿ ವ್ಯವಸ್ಥೆ 2017ರ ಏಪ್ರಿಲ್ 23ಕ್ಕೆ ಮುಗಿಯಿತು. ಆದರೂ ಲೂಪ್ ಆಗಬೇಕಾದ ಸಂಗೀತಕ್ಕೆ ನಾನು ಇವತ್ತಿಗೂ ವೋರ್ಬಿಸನ್ನೇ ಹಾಕುತ್ತೇನೆ. ಎಂಪಿ3 ಎನ್‌ಕೋಡರ್ ಫೈಲ್‌ನ ಆಚೀಚೆ ಸೇರಿಸುವ ಖಾಲಿ ಜಾಗ ಲೂಪ್ ತಿರುಗುವಲ್ಲಿ ಕಿವಿಗೆ ಕೇಳಿಸುತ್ತದೆ.

ಬೇಸ್‌ನವರು ಈ ಜಗತ್ತನ್ನು ಅರ್ಥಮಾಡಿಕೊಂಡು ಶೇರ್‌ವೇರ್ ಎಂದೇ ಒಂದು ಪ್ರತ್ಯೇಕ ಲೈಸೆನ್ಸ್ ಇಟ್ಟಿದ್ದಾರೆ. 125 ಯೂರೋ ಕೊಟ್ಟರೆ ನಿಮ್ಮದೇ ಶೇರ್‌ವೇರ್ ಪ್ರೋಗ್ರಾಂಗಳು ಎಷ್ಟಿದ್ದರೂ ಅವುಗಳಲ್ಲಿ ಬಳಸಬಹುದು. ಒಂದೊಂದರ ಬೆಲೆ 40 ಯೂರೋ ಮೀರಬಾರದು. ರಾಯಲ್ಟಿ ಇಲ್ಲ, ಮುಂದಿನ ಆವೃತ್ತಿಗಳಿಗೆ ಮತ್ತೆ ಹಣ ಕಟ್ಟಬೇಕಿಲ್ಲ. ನಮ್ಮ 249 ರೂಪಾಯಿಗೆ ಆ ಮಿತಿ ಹತ್ತಿರವೂ ಬರುವುದಿಲ್ಲ. ಗಮನಿಸಬೇಕಾದ ಸಾಲು ಇನ್ನೊಂದಿದೆ: ಇದು ತನ್ನದೇ ಸಾಫ್ಟ್‌ವೇರ್ ಮಾಡಿ ಮಾರುವ ವ್ಯಕ್ತಿಗೆ, ಕಂಪನಿಗಲ್ಲ. ಮುಂದೆ ಇಬ್ಬರೂ ಸೇರಿ ಪುಣೆಯಲ್ಲೊಂದು ಸಣ್ಣ ಕಂಪನಿ ನೋಂದಾಯಿಸುವ ಯೋಚನೆ ನಮಗಿದೆ. ನೋಂದಾಯಿಸಿದ ದಿನ ನಾವು ಬೇರೆ ವರ್ಗಕ್ಕೆ ಸೇರುತ್ತೇವೆ, ಅಲ್ಲಿನ ದರ ಬೇರೆ. ಹಾಗೆಂದು ಇದು ದುಬಾರಿ ಲೈಸೆನ್ಸ್ ಅಂತೂ ಅಲ್ಲ. ಒಬ್ಬನೇ ಕೂತು ವಿಂಡೋಸ್‌ಗೆ ಮಾತ್ರ ಆಟ ಬರೆದು ಮಾರುವವನು ನನ್ನನ್ನು ಕೇಳಿದರೆ ಇದನ್ನೇ ತಗೋ ಎನ್ನುತ್ತೇನೆ.

ಎಫ್‌ಮಾಡ್ ಎಂಬ ಇನ್ನೊಂದು ಸೌಂಡ್ ಲೈಬ್ರರಿಯನ್ನೂ ನೋಡಿದೆವು. ಮೆಲ್ಬರ್ನ್‌ನ ಫೈರ್‌ಲೈಟ್ ಟೆಕ್ನಾಲಜೀಸ್‌ನದು. ಸಣ್ಣ ಬಜೆಟ್ಟು, ಸಣ್ಣ ಆದಾಯದವರಿಗೆ ಉಚಿತ, ಆದರೆ ಆಟವನ್ನು ಅವರಲ್ಲಿ ನೋಂದಾಯಿಸಬೇಕು, ಲೋಗೊ ತೋರಿಸಬೇಕು. ದೊಡ್ಡ ಆಟಗಳಲ್ಲಿ ಸದ್ದನ್ನು ಸಂಯೋಜಿಸುವವರಿಗೆ ಅದು ಅದ್ಭುತ ಸಾಧನ. ನಮ್ಮ ಆಟಕ್ಕೆ ಅಷ್ಟು ಬೇಡ.

ಮತ್ತೊಂದು ಸೌಂಡ್ ಲೈಬ್ರರಿ ಓಪನ್‌ಎಎಲ್ ಸಾಫ್ಟ್, ಎಲ್‌ಜಿಪಿಎಲ್ ಎಂಬ ಮುಕ್ತ ಸಾಫ್ಟ್‌ವೇರ್ ಲೈಸೆನ್ಸ್‌ನಲ್ಲಿದೆ. ಎಲ್‌ಜಿಪಿಎಲ್ ಎಂದರೆ ಮಾರುವ ಆಟಕ್ಕೆ ಆಗಿಬರುವುದಿಲ್ಲ ಎಂದು ಹೇಳುವವರಿದ್ದಾರೆ, ಅದು ನಿಜವಲ್ಲ. ಲೈಬ್ರರಿಯನ್ನು ಪ್ರತ್ಯೇಕ ಡಿಎಲ್‌ಎಲ್ ಆಗಿ ಇಟ್ಟು, ಬಳಕೆದಾರ ಬೇಕೆಂದರೆ ಅದನ್ನು ತನ್ನ ಮಾರ್ಪಡಿಸಿದ ಆವೃತ್ತಿಯಿಂದ ಬದಲಿಸಿಕೊಳ್ಳುವಂತೆ ಬಿಟ್ಟು, ಲೈಬ್ರರಿಯ ಸೋರ್ಸ್ ಸಿಗುವ ಹಾಗೆ ಮಾಡಿ, ಅಂಥ ಬದಲಾವಣೆಯನ್ನು ಪರೀಕ್ಷಿಸಲು ನಮ್ಮ ಆಟವನ್ನು ಬಿಚ್ಚಿ ನೋಡುವುದನ್ನು ನಮ್ಮ ಷರತ್ತಿನಲ್ಲಿ ನಿಷೇಧಿಸದಿದ್ದರೆ ಸಾಕು. ಕೊನೆಯ ಈ ಅಂಶವನ್ನು ಬಹಳ ಜನ ಮರೆಯುತ್ತಾರೆ. ಎಲ್ಲಿಂದಲೋ ನಕಲು ಮಾಡಿದ 'ರಿವರ್ಸ್ ಎಂಜಿನಿಯರಿಂಗ್ ನಿಷಿದ್ಧ' ಎಂಬ ಸಾಲು ತಮ್ಮನ ಹಳೆಯ ಓದಿ-ನೋಡಿ (ರೀಡ್‌ಮಿ) ಫೈಲ್‌ನಲ್ಲೂ ಇತ್ತು. ಎಲ್‌ಜಿಪಿಎಲ್ ಲೈಬ್ರರಿ ಜೊತೆ ಅದು ಕೂಡಿಬರದು. ಆಟ ಬರೆಯಲು ಬಳಸುವ ಎಸ್‌ಡಿಎಲ್ ಲೈಬ್ರರಿ ಕೂಡ ಮೊದಲು ಎಲ್‌ಜಿಪಿಎಲ್‌ನಲ್ಲೇ ಇತ್ತು, 2013ರ ಎಸ್‌ಡಿಎಲ್ 2.0ರಿಂದ ಝೆಡ್‌ಲಿಬ್ ಎಂಬ ಸಡಿಲ ಲೈಸೆನ್ಸ್‌ಗೆ ಬಂತು. ಅದರ ಮಿಕ್ಸರ್ ಲೈಬ್ರರಿ ಚೆನ್ನಾಗಿದೆ, ಆದರೆ ಮೇಲಿನ ಲೈಸೆನ್ಸ್ ನೋಡಿ ನಿಲ್ಲಬಾರದು. ಒಳಗೆ ಒಂದೊಂದು ಫಾರ್ಮ್ಯಾಟ್ ಓದಲು ಒಂದೊಂದು ಡಿಕೋಡರ್, ಪ್ರತಿಯೊಂದಕ್ಕೂ ಅದರದೇ ಷರತ್ತು.

ನಾವು ಕೊನೆಗೆ ಯಾವುದನ್ನು ಆರಿಸಿದೆವು ಎನ್ನುವುದಕ್ಕೆ ಕಾರಣ ಹಣವಾಗಿರಲಿಲ್ಲ. ಕೆಲವು ವರ್ಷ ಮಾರಿದ ಮೇಲೆ ಆಟದ ಸೋರ್ಸ್ ಕೋಡನ್ನು ಎಲ್ಲರಿಗೂ ಕೊಟ್ಟುಬಿಡಬೇಕು ಎಂಬುದು ತಮ್ಮನ ಆಸೆ. ಅಳಗುಳಿಮಣೆಗೆ ಊರೂರಿಗೆ ಬೇರೆ ನಿಯಮಗಳಿವೆ, ಆಯಾ ಊರಿನವರು ತಮ್ಮ ನಿಯಮ ಸೇರಿಸಿಕೊಳ್ಳಲಿ ಎಂದು. ಈ ಆಸೆಗೆ ಮುಚ್ಚಿದ ಲೈಬ್ರರಿ ಅಡ್ಡಗೋಡೆ. ಡೂಮ್ ಎಂಬ ಹೆಸರಾಂತ ಕಂಪ್ಯೂಟರ್ ಆಟದ ಕಥೆ ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿ ಉದಾಹರಣೆ. 1993ರ ಡಿಸೆಂಬರ್ 10ರಂದು ಮೊದಲ ಭಾಗ ಉಚಿತ ಶೇರ್‌ವೇರ್ ಆಗಿ ಹೊರಬಂತು. ಅದರ ಸದ್ದಿನ ಭಾಗ ಪಾಲ್ ರಾಡೆಕ್ ಅವರ ಡಿಎಂಎಕ್ಸ್ ಎಂಬ ಲೈಬ್ರರಿ, ಹಣ ಕೊಟ್ಟು ಲೈಸೆನ್ಸ್ ಪಡೆದದ್ದು. ನಾಲ್ಕು ವರ್ಷದ ನಂತರ, 1997ರ ಡಿಸೆಂಬರ್ 23ರಂದು ಅದರ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಸೋರ್ಸ್ ಬಿಡುಗಡೆ ಮಾಡಿದಾಗ ಲೋಕವೆಲ್ಲ ಆಡಿದ ಡಾಸ್ ಆವೃತ್ತಿಯ ಕೋಡ್ ಕೊಡಲಾಗಲಿಲ್ಲ, ಲಿನಕ್ಸ್ ಆವೃತ್ತಿಯದನ್ನು ಕೊಟ್ಟರು. ಕಾರಣ ಆ ಸೌಂಡ್ ಲೈಬ್ರರಿಯ ಹಕ್ಕು ಬೇರೆಯವರದು. ಕಾರ್ಮ್ಯಾಕ್ ಅದನ್ನು ಜೊತೆಗಿಟ್ಟ ಟಿಪ್ಪಣಿಯಲ್ಲೇ ಬರೆದು, ಈಗ ಸದ್ದಿನ ಕೋಡನ್ನೂ ತಾವೇ ಬರೆಯುತ್ತೇವೆ ಎಂದು ಸೇರಿಸಿದ್ದರು. ಅಷ್ಟು ದೊಡ್ಡ ಆಟದ ಬಾಗಿಲನ್ನು ಒಂದು ಸಣ್ಣ ಭಾಗದ ಒಪ್ಪಂದ ಅರ್ಧ ಮುಚ್ಚಿಟ್ಟಿತು.

ಹಾಗಾಗಿ ನಾವು ಆರಿಸಿದ್ದು ಡೇವಿಡ್ ರೀಡ್ ಅವರ ಮಿನಿಆಡಿಯೋ. ಒಂದೇ ಫೈಲ್‌ನ ಸಿ ಲೈಬ್ರರಿ. ವೇವ್, ಫ್ಲ್ಯಾಕ್, ಎಂಪಿ3 ಡಿಕೋಡರ್ ಒಳಗೇ ಇವೆ. ಲೈಸೆನ್ಸ್ ಎರಡರಲ್ಲಿ ಒಂದನ್ನು ನಾವೇ ಆರಿಸಬಹುದು: ಸಾರ್ವಜನಿಕ ಸ್ವತ್ತು ಎಂಬ ಘೋಷಣೆ, ಇಲ್ಲವೇ ಹೆಸರು ಹಾಕಬೇಕೆಂಬ ಷರತ್ತೂ ಇಲ್ಲದ ಎಂಐಟಿ-0 ಲೈಸೆನ್ಸ್. ನಾವು ಎರಡನೆಯದನ್ನು ಆರಿಸಿದೆವು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಕರ್ತೃ ಹಕ್ಕು ಬಿಟ್ಟುಕೊಡುವುದಕ್ಕೆ ರಿಜಿಸ್ಟ್ರಾರ್‌ಗೆ ನೋಟಿಸ್ ಅಥವಾ ಸಾರ್ವಜನಿಕ ಪ್ರಕಟಣೆ ಎಂಬ ವಿಧಾನವಿದೆ. ಬೇರೆ ದೇಶದವರ ಘೋಷಣೆ ಅದಕ್ಕೆ ಹೇಗೆ ಹೊಂದುತ್ತದೆ ಎಂದು ಚರ್ಚಿಸುವ ಬದಲು, ನೇರವಾಗಿ ಅನುಮತಿ ಕೊಡುವ ಲೈಸೆನ್ಸ್ ಕೈಯಲ್ಲಿದ್ದರೆ ವಿಷಯ ಅಲ್ಲಿಗೇ ಮುಗಿಯಿತು. ಟ್ರ್ಯಾಕರ್ ಸಂಗೀತಕ್ಕೆ ಲಿಬ್‌ಓಪನ್‌ಎಂಪಿಟಿ ಎಂಬ ಲೈಬ್ರರಿ, ಬಿಎಸ್‌ಡಿ ಎಂಬ ಸಡಿಲ ಲೈಸೆನ್ಸ್‌ನದು.

ಪದರ ಹಾಕಿ ಬಿಚ್ಚಿದ್ದು

ಧನಕವಡಿಯ ನಮ್ಮ ಫ್ಲಾಟ್‌ನಲ್ಲಿ ಶನಿವಾರ-ಭಾನುವಾರಗಳಲ್ಲಿ ನಡೆದ ಕೆಲಸ ಇದು. ಹಳೆಯ ಕೋಡ್‌ನಲ್ಲಿ ಬೇಸ್‌ನ ಫಂಕ್ಷನ್‌ಗಳನ್ನು ಆಟದ ಎಲ್ಲ ಕಡೆಯಿಂದ ನೇರವಾಗಿ ಕರೆಯಲಾಗಿತ್ತು: ಮೆನುವಿನಲ್ಲಿ, ಆನಿಮೇಷನ್‌ನಲ್ಲಿ, ಸೆಟ್ಟಿಂಗ್ ಪುಟದಲ್ಲಿ. ಲೈಬ್ರರಿಯ ಹೆಸರಿನಿಂದ ಶುರುವಾಗುವ ಕರೆಗಳನ್ನು ಹುಡುಕಿ, ಎಲ್ಲವನ್ನೂ ನಮ್ಮದೇ ಒಂದು ತೆಳು ಪದರದ ಹಿಂದೆ ತಂದೆವು. ಆಟಕ್ಕೆ ಕಾಣುವುದು ಏಳು ಫಂಕ್ಷನ್ ಮಾತ್ರ: ಶುರುಮಾಡು, ನಿಲ್ಲಿಸು, ಸದ್ದು ಲೋಡ್ ಮಾಡು, ನುಡಿಸು, ಸಂಗೀತ ಹಚ್ಚು, ಸಂಗೀತ ಆರಿಸು, ದನಿಮಟ್ಟ. ಹೆಡರ್ ಫೈಲ್‌ನಲ್ಲಿ ಯಾವ ಲೈಬ್ರರಿಯ ಟೈಪ್ ಕೂಡ ಬರಬಾರದು ಎನ್ನುವುದು ನಿಯಮ. ಸದ್ದಿನ ಗುರುತು ಒಂದು ಪೂರ್ಣಾಂಕ ಅಷ್ಟೇ.

ಇಲ್ಲಿ ಕ್ರಮ ಮುಖ್ಯ. ಮೊದಲು ಪದರದ ಹಿಂದೆ ಹಳೆಯ ಬೇಸನ್ನೇ ಇಟ್ಟು ಆಡಿ ನೋಡಿದೆವು, ಏನೂ ಬದಲಾಗಬಾರದು, ಬದಲಾಗಲಿಲ್ಲ. ಆಮೇಲೆ ಏನೂ ಮಾಡದ ಒಂದು ಮೂಕ ಆವೃತ್ತಿ ಬರೆದೆವು. ಅದರೊಂದಿಗೆ ಆಟ ಸದ್ದಿಲ್ಲದೆ ಪೂರ್ತಿ ನಡೆಯಬೇಕು. ನಡೆಯಲಿಲ್ಲ. ಬೀಜ ಹಾಕುವ ಆನಿಮೇಷನ್ ಅರ್ಧಕ್ಕೆ ನಿಂತಿತು. ನೋಡಿದರೆ ಹಳೆಯ ಕೋಡ್ 'ಹಿಂದಿನ ಬೀಜದ ಸದ್ದು ಮುಗಿಯಿತೇ' ಎಂದು ಲೈಬ್ರರಿಯನ್ನು ಕೇಳಿ ಮುಂದಿನ ಬೀಜ ಹಾಕುತ್ತಿತ್ತು. ಅಂದರೆ ಆಟದ ವೇಗವೇ ವೇವ್ ಫೈಲ್‌ನ ಉದ್ದದ ಮೇಲೆ ನಿಂತಿತ್ತು. ಇದನ್ನು ಗಡಿಯಾರಕ್ಕೆ ಕಟ್ಟಿ, ಬೀಜಕ್ಕೂ ಬೀಜಕ್ಕೂ 110 ಮಿಲಿಸೆಕೆಂಡ್ ಅಂತರ ಇಟ್ಟೆವು. ಮೂಕ ಆವೃತ್ತಿ ಬರೆಯದೇ ನೇರ ಹೊಸ ಲೈಬ್ರರಿಗೆ ಹಾರಿದ್ದರೆ ಈ ಗಂಟು ಯಾವ ಕಡೆಯದು ಎಂದು ಹುಡುಕುವುದು ಕಷ್ಟವಿತ್ತು. ಲೈಬ್ರರಿ ಬದಲಿಸುವ ಯಾರಿಗಾದರೂ ಇದನ್ನೊಂದು ಹೇಳುತ್ತೇನೆ: ಮೂಕ ಆವೃತ್ತಿಯನ್ನು ಬಿಡಬೇಡಿ. ಸೌಂಡ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರೀಕ್ಷೆ ನಡೆಸಲೂ ಅದೇ ಆಗುತ್ತದೆ.

ಮೂರನೆಯದು ಮಿನಿಆಡಿಯೋ. ಸಣ್ಣ ಸದ್ದುಗಳನ್ನು ಲೋಡ್ ಆಗುವಾಗಲೇ ಡಿಕೋಡ್ ಮಾಡಿ ಮೆಮೊರಿಯಲ್ಲಿ ಇಡುತ್ತೇವೆ. ಮೂರು ಆಯಾಮದ ಸ್ಥಾನದ ಲೆಕ್ಕ ಬೇಡವೆಂದು ಫ್ಲ್ಯಾಗ್ ಕೊಡುತ್ತೇವೆ. ಒಂದೇ ಸದ್ದು ಮೇಲಿಂದ ಮೇಲೆ ಬೀಳುವುದರಿಂದ 24 ದನಿಗಳ ಒಂದು ಗುಂಪು ಮೊದಲೇ ತಯಾರಿಟ್ಟು, ಬೇಕಾದಾಗ ಖಾಲಿ ಇರುವುದನ್ನು ಎತ್ತಿಕೊಳ್ಳುತ್ತೇವೆ, ಎಲ್ಲ ತುಂಬಿದ್ದರೆ ಅತ್ಯಂತ ಹಳೆಯದನ್ನು ನಿಲ್ಲಿಸಿ ಅದನ್ನೇ ಬಳಸುತ್ತೇವೆ. ಸೆಕೆಂಡಿಗೆ 48,000 ಫ್ರೇಮ್, ಒಂದು ಸಲಕ್ಕೆ 480 ಫ್ರೇಮ್, ಅಂದರೆ 10 ಮಿಲಿಸೆಕೆಂಡ್‌ನ ತುಂಡು. ಈ ತುಂಡು ತುಂಬಲು ಲೈಬ್ರರಿ ತಾನೇ ಕರೆಯುವ ಫಂಕ್ಷನ್‌ನಲ್ಲಿ (ಕಾಲ್‌ಬ್ಯಾಕ್) ಮೆಮೊರಿ ಕೇಳುವುದು, ಲಾಕ್ ಹಿಡಿಯುವುದು, ಫೈಲ್ ಓದುವುದು ಮೂರೂ ನಿಷಿದ್ಧ. 10 ಮಿಲಿಸೆಕೆಂಡ್ ಒಳಗೆ ಮುಗಿಯದಿದ್ದರೆ ಕಿವಿಗೆ ಪಟ್ ಎಂದು ಹೊಡೆಯುತ್ತದೆ. ಲಿಬ್‌ಓಪನ್‌ಎಂಪಿಟಿಯನ್ನು ಮಿನಿಆಡಿಯೋಗೆ ಒಂದು ಡೇಟಾ ಮೂಲವಾಗಿ ಜೋಡಿಸಿದೆವು. ಅದು ಫ್ಲೋಟ್ ಸ್ಟೀರಿಯೋ ಕೊಡುತ್ತದೆ, ಇದು ತಗೊಳ್ಳುತ್ತದೆ. ಎಷ್ಟು ಸಲ ಮರುನುಡಿಸಬೇಕು ಎಂಬಲ್ಲಿ ಮೈನಸ್ ಒಂದು ಕೊಟ್ಟರೆ ಸಂಗೀತ ನಿಲ್ಲದೆ ತಿರುಗುತ್ತದೆ. ದನಿಗಳೆಲ್ಲ ಕೂಡಿದಾಗ ಮಿತಿ ಮೀರಿ ಒಡೆಯದಂತೆ ಕೊನೆಯಲ್ಲೊಂದು ಸಣ್ಣ ಲಿಮಿಟರ್ ಬರೆದೆವು.

ಲಿನಕ್ಸ್‌ನಲ್ಲಿ ಮಿನಿಆಡಿಯೋ ಅಲ್ಲಿನ ಸದ್ದಿನ ವ್ಯವಸ್ಥೆಗಳಾದ ಅಲ್ಸಾ, ಪಲ್ಸ್‌ಆಡಿಯೋಗಳನ್ನು ಪ್ರೋಗ್ರಾಂ ಓಡುವಾಗಲೇ ಹುಡುಕಿ ತೆರೆಯುತ್ತದೆ. ಕಟ್ಟುವಾಗ ಅವುಗಳನ್ನು ಲಿಂಕ್ ಮಾಡಬೇಕಿಲ್ಲ. ಒಂದೇ ಬೈನರಿ (ಕಟ್ಟಿ ಮುಗಿದ ಪ್ರೋಗ್ರಾಂ ಫೈಲ್) ಬೇರೆ ಬೇರೆ ಯಂತ್ರಗಳಲ್ಲಿ ಓಡುತ್ತದೆ, ಮತ್ತು ಆ ಲೈಬ್ರರಿಗಳನ್ನು ನಾವು ಜೊತೆಗೆ ಹಂಚುವ ಪ್ರಶ್ನೆಯೂ ಏಳುವುದಿಲ್ಲ.

ಬೀಜದ ಸದ್ದು, ತಾಶೆಯ ಸದ್ದು, ಸಹಿಯ ಕಾಗದ

ಸಿಡಿಯಿಂದ ಬಂದ ವೇವ್ ಫೈಲ್‌ಗಳ ಮೂಲ ಯಾರಿಗೂ ಹೇಳಲಾಗುವುದಿಲ್ಲ. ಅವನ್ನೆಲ್ಲ ಅಳಿಸಿದೆವು. ಬುಧವಾರ ಪೇಠೆಯ ತಪಕೀರ್ ಗಲ್ಲಿಯಿಂದ ಮೈಕ್‌ಗೆ ಕೇಬಲ್ ತಂದು, ಅಮ್ಮ ಊರಿಂದ ಕಳಿಸಿದ ಹಲಸಿನ ಮರದ ಮಣೆ ಇಟ್ಟುಕೊಂಡು, ನಡುರಾತ್ರಿ ಫ್ಯಾನ್ ಆರಿಸಿ ರೆಕಾರ್ಡ್ ಮಾಡಿದೆವು. ಹಗಲು ಹೊತ್ತು ಸಾತಾರಾ ರಸ್ತೆಯ ಹಾರ್ನ್ ಬಿಡುವುದಿಲ್ಲ.

ರೆಕಾರ್ಡ್ ಮಾಡುತ್ತ ಒಂದು ಸೊಗಸಾದ ಸಂಗತಿ ಕಿವಿಗೆ ಬಿತ್ತು. ಖಾಲಿ ಗುಳಿಗೆ ಬಿದ್ದ ಮೊದಲ ಬೀಜ ಮರವನ್ನು ಮುಟ್ಟುತ್ತದೆ, ಅದರ ಸದ್ದು ಟಣ್ ಎಂದು ತೆರೆದಿರುತ್ತದೆ. ತುಂಬಿದ ಗುಳಿಗೆ ಬಿದ್ದದ್ದು ಬೀಜವನ್ನು ಮುಟ್ಟುತ್ತದೆ, ಅದು ಚಿಕ್ ಎಂದು ಮುಚ್ಚಿಕೊಂಡ ಸದ್ದು. ಅಳಗುಳಿಮಣೆಯಲ್ಲಿ ಖಾಲಿ ಗುಳಿಯೇ ಆಟದ ಪ್ರಾಣ. ಹಾಕುತ್ತ ಹೋಗಿ ಖಾಲಿ ಗುಳಿ ಎದುರಾದರೆ ಅದರ ಮುಂದಿನದನ್ನು ಬಾಚಿಕೊಳ್ಳುತ್ತೇವೆ. ಚೆನ್ನಾಗಿ ಆಡುವ ಹಿರಿಯರು ಮಣೆ ನೋಡದೆಯೂ ಕೈಯ ವೇಗದಲ್ಲಿ ಲೆಕ್ಕ ಹಿಡಿಯುವುದು ಈ ಸದ್ದಿನಿಂದಲೂ ಇರಬೇಕು ಎಂದು ನನಗೆ ಬಲವಾಗಿ ಅನ್ನಿಸಿತು. ಹಳೆಯ ಆಟದಲ್ಲಿ ಎಲ್ಲ ಬೀಜಕ್ಕೂ ಒಂದೇ ವೇವ್. ಈಗ ಗುಳಿಯಲ್ಲಿ ಎಷ್ಟು ಬೀಜವಿದೆ ಎಂದು ನೋಡಿ ಸದ್ದು ಆರಿಸುತ್ತೇವೆ: ಖಾಲಿಗೆ ಮರದ ಸದ್ದು, ಒಂದೆರಡಿದ್ದರೆ ನಡುವಿನದು, ಹೆಚ್ಚಿದ್ದರೆ ಬೀಜದ ಮೇಲೆ ಬೀಜ. ಪ್ರತಿ ಬಗೆಗೂ ಹಲವು ರೆಕಾರ್ಡಿಂಗ್ ಇಟ್ಟು, ಹಿಂದಿನ ಸಲ ನುಡಿಸಿದ್ದನ್ನು ತಕ್ಷಣ ಮತ್ತೆ ನುಡಿಸದಂತೆ ಮಾಡಿದೆವು. ಮೇಲೆ ಅರ್ಧ ಸ್ವರದೊಳಗೆ ಶ್ರುತಿಯ ಸಣ್ಣ ಏರಿಳಿತ. ಅರ್ಧ ಸ್ವರ ಎಂದರೆ ವೇಗದಲ್ಲಿ ಸುಮಾರು 1.0595 ಪಟ್ಟು, ಅದಕ್ಕಿಂತ ಹೆಚ್ಚಾದರೆ ಹುಣಸೆ ಬೀಜ ಗೋಲಿಯಾಗುತ್ತದೆ. ಇಡೀ ರಿಪೇರಿಯಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಭಾಗ ಇದು. ಕಣ್ಣು ಮುಚ್ಚಿ ಕೇಳಿದರೂ ಆಟ ಎಲ್ಲಿದೆ ಎಂದು ತಿಳಿಯುತ್ತದೆ.

ಹಿನ್ನೆಲೆ ಸಂಗೀತದ ಮಾಡ್ಯೂಲ್ ಬರೆದವನು ತಮ್ಮನ ಹಾಸ್ಟೆಲ್ ಗೆಳೆಯ. ಸಂಯೋಜನೆ ಅವನದೇ, ಬರೆದುಕೊಡಲು ಸಂತೋಷದಿಂದ ಒಪ್ಪಿದ. ಆದರೆ ಮಾಡ್ಯೂಲ್ ಫೈಲ್ ಎಂದರೆ ಸ್ವರಲಿಪಿ ಮತ್ತು ವಾದ್ಯಗಳ ಸ್ಯಾಂಪಲ್ ಎರಡೂ ಕೂಡಿದ್ದು. 1987ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರ್‌ಗೆ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಬರೆದಾಗಿನಿಂದ ಈ ಲೋಕದಲ್ಲಿ ಸ್ಯಾಂಪಲ್‌ಗಳು ಒಂದು ಫೈಲ್‌ನಿಂದ ಇನ್ನೊಂದಕ್ಕೆ ಹರಿದಾಡುತ್ತ ಬಂದಿವೆ, ಮೂಲ ಯಾವ ಸಿಂಥಸೈಜರ್, ಯಾವ ರೆಕಾರ್ಡ್ ಎಂದು ಯಾರೂ ಹೇಳಲಾರರು. ಸಂಯೋಜನೆ ಉಳಿಸಿಕೊಂಡು, ಒಳಗಿನ ಸ್ಯಾಂಪಲ್‌ಗಳನ್ನು ಓಪನ್‌ಎಂಪಿಟಿ ಟ್ರ್ಯಾಕರ್‌ನಲ್ಲಿ ಒಂದೊಂದಾಗಿ ತೆಗೆದು ನಮ್ಮವನ್ನು ಹಾಕಿದೆವು. ಎಕ್ಸ್‌ಎಂ ಎಂಬ ಮಾಡ್ಯೂಲ್ ಫಾರ್ಮ್ಯಾಟ್‌ನಲ್ಲಿ ಉಳಿಸಿದೆವು.

ಗೆದ್ದಾಗ ಬರುವ ತಾಳಕ್ಕೆ ಅಕ್ಕನ ಮಗ ನೆನಪಾದ. ಅವನು ಪುಣೆಯ ಒಂದು ಢೋಲ್-ತಾಶಾ ಪಥಕದಲ್ಲಿ (ಹಬ್ಬದ ಮೆರವಣಿಗೆಯ ವಾದ್ಯತಂಡ) ತಾಶೆ ಎಂಬ ಸಣ್ಣ ಚರ್ಮವಾದ್ಯ ಬಾರಿಸುತ್ತಾನೆ. ಗಣೇಶೋತ್ಸವಕ್ಕೆ ಮುಂಚೆ ಮುಠಾ ನದಿಯ ದಂಡೆಯಲ್ಲಿ ಸಂಜೆ ಅಭ್ಯಾಸ ನಡೆಯುತ್ತದೆ. ಅಭ್ಯಾಸ ಮುಗಿದ ಮೇಲೆ ಅವನೂ ಇಬ್ಬರು ಜೊತೆಗಾರರೂ ನಮಗಾಗಿ ಬೇರೆಯಾಗಿ ಬಾರಿಸಿದರು. ನಾನು ಕಾಗದ ತೆಗೆದೆ. "ಮಾಮಾ, ನಮಗ ರೊಕ್ಕಾನ ಬ್ಯಾಡ ಅಂದೀವಿ, ಕಾಗದ ಯಾಕ?" ಎಂದ. ರೆಕಾರ್ಡಿಂಗ್ ಮಾಡಿಸಲು ಮುಂದಾಗಿ ಹೊಣೆ ಹೊತ್ತವನೇ ಕಾನೂನಿನ ದೃಷ್ಟಿಯಲ್ಲಿ ಅದರ ನಿರ್ಮಾಪಕ, ಹಕ್ಕು ಮೊದಲು ಅವನಿಗೆ ಬರುತ್ತದೆ, ಆದರೆ ಬಾರಿಸಿದವರಿಗೆ ಪ್ರದರ್ಶಕರ ಹಕ್ಕು ಎಂದು ಬೇರೆಯೇ ಇದೆ, ಅದನ್ನು ನಾನು ಸುಮ್ಮನೆ ತೆಗೆದುಕೊಳ್ಳಬಾರದು ಎಂದು ಹೇಳಿದೆ. ಮೂವರೂ ಓದಿ ಸಹಿ ಹಾಕಿದರು. ಹಣವನ್ನೂ ಕೊಟ್ಟೆ, ಕಾಗದದಲ್ಲಿ ಮೊತ್ತ ಬರೆದೆ.

ನಾವೇ ಲೈಸೆನ್ಸ್ ಬರೆದದ್ದು

ಕೆಲಸ ಮುಗಿಯುತ್ತ ಬಂದಾಗ ಕೋಥರೂಡ್‌ನಲ್ಲಿರುವ ಹುಬ್ಬಳ್ಳಿಯ ಗೆಳೆಯರೊಬ್ಬರು ಬಂದು ಆಡಿ ನೋಡಿದರು. ಅವರು ಚೌಕಾಬಾರ ಆಟವೊಂದನ್ನು ಶೇರ್‌ವೇರ್ ಮಾಡುತ್ತಿದ್ದಾರೆ. "ನಿಮ್ಮ ಈ ಸದ್ದಿನ ಪದರ, ಬೀಜದ ಸದ್ದು ನನಗೂ ಕೊಡ್ರಿ, ಕವಡಿಗೆ ಛಲೋ ಆಗ್ತದ" ಎಂದರು. ಕೊಡುತ್ತೇವೆ ಎಂದೆವು, ಬರಹದಲ್ಲಿ. ಇಷ್ಟು ದಿನ ಬೇರೆಯವರ ಲೈಸೆನ್ಸ್ ಓದಿದ ಮೇಲೆ ನಮ್ಮದೇ ಒಂದು ಪುಟ ಬರೆಯುವುದು ಒಳ್ಳೆಯ ಪಾಠವಾಯಿತು.

ನಮ್ಮ ದೇಶದಲ್ಲಿ ಇಬ್ಬರ ನಡುವೆ ಇಂಥ ಕಾಗದ ಮಾಡುವಾಗ ತಿಳಿದಿರಲೇಬೇಕಾದದ್ದು 1957ರ ಕೃತಿಸ್ವಾಮ್ಯ ಕಾಯ್ದೆಯ ಕೆಲವು ಸಾಲು. ಕಂಪ್ಯೂಟರ್ ಪ್ರೋಗ್ರಾಂ ಅದರಲ್ಲಿ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ. 30ನೇ ಸೆಕ್ಷನ್ ಲೈಸೆನ್ಸ್ ಲಿಖಿತವಾಗಿರಬೇಕು ಎನ್ನುತ್ತದೆ. 19ನೇ ಸೆಕ್ಷನ್ ಹಕ್ಕು ವರ್ಗಾವಣೆಗೆ ಹೇಳುವ ನಿಯಮಗಳನ್ನು 30ಎ ಸೆಕ್ಷನ್ ಲೈಸೆನ್ಸ್‌ಗಳಿಗೂ ಅನ್ವಯಿಸುತ್ತದೆ. ಆ ನಿಯಮ ಏನು ಹೇಳುತ್ತದೆ? ಅವಧಿ ಬರೆಯದಿದ್ದರೆ ಐದು ವರ್ಷ ಎಂದು ಭಾವಿಸಬೇಕು. ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದು ಭಾವಿಸಬೇಕು. ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ರೀತಿ ಬರೆದಿಲ್ಲದಿದ್ದರೆ, ಕೊಟ್ಟ ಹಕ್ಕು ಬಿದ್ದುಹೋಗುತ್ತದೆ. 'ನನ್ನ ಸದ್ದನ್ನು ನಿಮ್ಮ ಆಟದಲ್ಲಿ ಬಳಸಬಹುದು' ಎಂದು ಒಂದೇ ಸಾಲಿನ ಪತ್ರ ಪಡೆದು, ಆಟವನ್ನು ದುಬೈಯಲ್ಲಿರುವ ಕನ್ನಡಿಗರಿಗೆ ಮಾರಿದರೆ, ಆರನೇ ವರ್ಷವೂ ಮಾರುತ್ತಿದ್ದರೆ, ಆ ಪತ್ರ ಕೈ ಹಿಡಿಯದೇ ಹೋಗಬಹುದು. ಶೇರ್‌ವೇರ್ ಆಟಗಳು ವರ್ಷಗಟ್ಟಲೆ ನಿಧಾನವಾಗಿ ಮಾರುವಂಥವು, ಎಲ್ಲಿಂದೆಲ್ಲಿಗೋ ಹೋಗುವಂಥವು. ಅವಕ್ಕೆ ಈ ಮೂರು ಸಾಲು ಬೇರೆ ಯಾವುದಕ್ಕಿಂತ ಹೆಚ್ಚು ಮುಖ್ಯ.

ಅದಕ್ಕೇ ನಮ್ಮ ಕಾಗದದಲ್ಲಿ ಹೀಗೆ ಬರೆದೆವು: ಕೃತಿಸ್ವಾಮ್ಯ ಇರುವವರೆಗೆ, ಜಗತ್ತಿನ ಎಲ್ಲ ಕಡೆ, ಒಂದು ವರ್ಷದೊಳಗೆ ಬಳಸದಿದ್ದರೂ ಹಕ್ಕು ಉಳಿಯುತ್ತದೆ. ಆಟದ ಉಚಿತ ಆವೃತ್ತಿಯಲ್ಲಿ ಬಳಸಬಹುದು, ಮಾರುವ ಆವೃತ್ತಿಯಲ್ಲಿ ಬಳಸಬಹುದು, ಉಚಿತ ಆವೃತ್ತಿಯನ್ನು ಮೂರನೆಯವರು ಬದಲಿಸದೆ ಹಂಚಬಹುದು. ಪದರದ ಕೋಡನ್ನು ತಿದ್ದಬಹುದು. ಸದ್ದಿನ ಫೈಲ್‌ಗಳನ್ನು ಆಟದಿಂದ ಬೇರ್ಪಡಿಸಿ ಸದ್ದಿನ ಸಂಗ್ರಹವೆಂದು ಮಾರುವಂತಿಲ್ಲ. ತಾಶೆಯ ರೆಕಾರ್ಡಿಂಗ್ ಇದರಲ್ಲಿ ಇಲ್ಲ, ಏಕೆಂದರೆ ಹುಡುಗರು ಸಹಿ ಹಾಕಿದ್ದು ನಮ್ಮ ಆಟಕ್ಕೆ ಮಾತ್ರ. ಶುಲ್ಕ ಒಂದೇ ಸಲ, ಮೊತ್ತ ಅಂಕೆ ಮತ್ತು ಅಕ್ಷರ ಎರಡರಲ್ಲೂ. ಬೇಸ್‌ನ ಶೇರ್‌ವೇರ್ ಲೈಸೆನ್ಸ್‌ನಿಂದ ಕಲಿತದ್ದು ಇದು, ಪ್ರತಿ ಎಣಿಸದ ಲೆಕ್ಕ. ಜೊತೆಗೆ ಮಿನಿಆಡಿಯೋ ಮತ್ತು ಲಿಬ್‌ಓಪನ್‌ಎಂಪಿಟಿ ನಮ್ಮವಲ್ಲ, ಅವುಗಳ ಷರತ್ತನ್ನು ಅವರೇ ಪಾಲಿಸಬೇಕು ಎಂಬ ಸಾಲನ್ನೂ ಸೇರಿಸಿದೆವು. ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಮಾಡಿದೆವು.

ಈಗಿನ ಸ್ಥಿತಿ: ವಿಂಡೋಸ್ ಇನ್‌ಸ್ಟಾಲರ್ ಸಿದ್ಧವಿದೆ. ಅದರೊಳಗೆ 'ಲೈಸೆನ್ಸ್‌ಗಳು' ಎಂಬ ಫೋಲ್ಡರ್ ಇದೆ. ಬಿಎಸ್‌ಡಿ ಲೈಸೆನ್ಸ್ ಬೈನರಿ ಹಂಚುವಾಗಲೂ ತನ್ನ ಸೂಚನೆ ಜೊತೆಗಿರಬೇಕು ಎನ್ನುವುದರಿಂದ ಲಿಬ್‌ಓಪನ್‌ಎಂಪಿಟಿಯ ಪಠ್ಯ ಅಲ್ಲಿದೆ. ಮಿನಿಆಡಿಯೋ ಕೇಳದಿದ್ದರೂ ಅದರ ಹೆಸರನ್ನು ಕೃತಜ್ಞತೆಯ ಪುಟದಲ್ಲಿ ಹಾಕಿದ್ದೇವೆ. ತಾಶೆ ಬಾರಿಸಿದ ಮೂವರ ಹೆಸರೂ ಅಲ್ಲೇ. ಓದಿ-ನೋಡಿ ಫೈಲ್‌ನಿಂದ ರಿವರ್ಸ್ ಎಂಜಿನಿಯರಿಂಗ್ ಸಾಲು ತೆಗೆದು, 'ಉಚಿತ ಆವೃತ್ತಿಯನ್ನು ಯಾರಿಗೆ ಬೇಕಾದರೂ ಕೊಡಿ' ಎಂದು ದಪ್ಪಕ್ಷರದಲ್ಲಿ ಬರೆದಿದ್ದೇವೆ. ಲಿನಕ್ಸ್ ಬೈನರಿಯನ್ನು ತಮ್ಮ ಇನ್ನೂ ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಪರೀಕ್ಷಿಸುತ್ತಿದ್ದಾನೆ. ಅಲ್ಲಿ ಹೆಡ್‌ಫೋನ್ ಕಿತ್ತಾಗ ಸಂಗೀತ ಕ್ಷಣಕಾಲ ತಡವರಿಸುತ್ತದೆ, ಅದನ್ನು ನೋಡಬೇಕು.